ಗೂಟವಿದ್ದಲ್ಲೆಲ್ಲ ಗುಂಡಿ

ಬಾಗಿಲು ಒಮ್ಮೆ ಬಡಿಯಿತು. ಎರಡನೆಯ ಸಲ ಬಿದ್ದದ್ದು ಬಡಿತವಲ್ಲ, ಒದೆ.

“ತಿಮ್ಮಾ! ಏಳೋ ಮುಂಡೇಮಗನೆ! ನಿನ್ ಕೋಲೆಲ್ಲೋ?”

ತಿಮ್ಮಪ್ಪ ಕಂಬಳಿ ಸರಿಸಿ ಎದ್ದು ಕೂತ. ದನಿ ಎಸ್ಟೇಟಿನ ರೈಟರ್ ಮಂಜಯ್ಯನದು. ಇಂಥ ರಾತ್ರಿ ಹೊತ್ತಿನಲ್ಲಿ ರೈಟರ್ ಕೂಲಿಗಳ ಸಾಲುಮನೆಯ ಲೈನಿಗೆ ಬಂದನೆಂದರೆ ಒಂದೋ ತೋಟಕ್ಕೆ ಆನೆ ನುಗ್ಗಿರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಎರಡರಲ್ಲಿ ಯಾವುದಕ್ಕೂ ಮೇಸ್ತ್ರಿಯಾದ ತನ್ನ ಕೋಲು ಬೇಕಾಗುವುದಿಲ್ಲ.

ಅಗುಳಿ ತೆಗೆದದ್ದೇ ತಡ, ಟಾರ್ಚಿನ ಬೆಳಕು ಕಣ್ಣಿಗೆ ಇರಿಯಿತು.

“ಮೂಲೇಲೇ ಐತೆ ರೈಟ್ರೇ. ಎಂತಕ್ಕೆ?”

ಬೆಳಕು ಮೂಲೆಗೆ ಹೊರಳಿತು. ಅಲ್ಲಿ ಕತ್ತಿ ಇತ್ತು, ಕೊಡೆ ಇತ್ತು, ಮಳೆಗೆ ಹೊದೆಯುವ ಹರಿದ ಪ್ಲಾಸ್ಟಿಕ್ ಕೊಪ್ಪೆ ಇತ್ತು. ಕೋಲು ಇರಲಿಲ್ಲ.

“ನಡಿ.”

“ಎಂತ ಆಯ್ತು ಅಂತಾರೂ ಹೇಳಿ ರೈಟ್ರೇ...”

“ನಡಿ ಅಂದ್ರೆ ನಡಿ ಮಾರಾಯ. ನನ್ ಬಾಯಲ್ಲಿ ಹೇಳ್ಸಬೇಡ.”

ಹೊಸ್ತಿಲು ದಾಟುವ ಮುನ್ನ ತಿಮ್ಮಪ್ಪ ತಿರುಗಿ ನೋಡಿದ. ಹೆಂಡತಿ ರಂಗಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒದೆಯ ಸದ್ದಿಗೆ ಲೈನಿನ ನಾಯಿಗಳೆಲ್ಲ ಬೊಗಳತೊಡಗಿದ್ದವು. ಅವಳು ಮಾತ್ರ ಮಗ್ಗುಲು ಬದಲಿಸಲಿಲ್ಲ.

ಬಂಗಲೆಯ ಜಗಲಿಯಲ್ಲಿ ಸಾಹುಕಾರ ಜಯದೇವಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ತಿಮ್ಮಪ್ಪ ಮೆಟ್ಟಿಲ ಕೆಳಗೆ ಚಪ್ಪಲಿ ಕಳಚಿ, ಅಂಗಳದ ಜಲ್ಲಿಕಲ್ಲಿನ ಮೇಲೆ ನಿಂತ. ಅದಕ್ಕಿಂತ ಮುಂದೆ ಅವನ ಅಪ್ಪನೂ ನಿಂತವನಲ್ಲ.

“ಬಂದ್ರಾ ಕಾರ್ಮಿಕ ಪ್ರತಿನಿಧಿಗಳು? ಬನ್ನಿ ಸಾರ್, ಬನ್ನಿ. ಮಂಜಯ್ಯಾ, ಇವ್ರಿಗೊಂದು ಕುರ್ಚಿ ಹಾಕಪ್ಪಾ.”

ಮಂಜಯ್ಯ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. ಆ ಬಿರುದು ಅವತ್ತು ಬೆಳಗ್ಗೆಯಷ್ಟೇ ಸಿಕ್ಕಿದ್ದು. ಚಿಕ್ಕಮಗಳೂರಿನ ದೊಡ್ಡ ಸಭಾಂಗಣದಲ್ಲಿ ಸರ್ಕಾರದ ಇಪ್ಪತ್ತೈದು ವರ್ಷಗಳ ದೂರದೃಷ್ಟಿ ಯೋಜನೆಯ ಸಭೆ. ಕಾಫಿ ಸೀಮೆಗೊಂದು ನಾವೀನ್ಯ ಕೇಂದ್ರ ಬರುತ್ತದೆ, ಹಣ್ಣು ಕೊಯ್ಯುವ ಯಂತ್ರ, ಔಷಧಿ ಹೊಡೆಯುವ ಡ್ರೋನು, ಗಿಡದ ಬಾಯಾರಿಕೆ ಹೇಳುವ ಸಲಕರಣೆ ಎಲ್ಲವೂ ಅಲ್ಲೇ ಹುಟ್ಟುತ್ತವೆ ಎಂದು ಯೋಜನಾಧಿಕಾರಿ ರಾಜೇಶ್ ಪರದೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದ್ದ. “ಮುಂದೆ ಬಂದ ದೇಶಗಳೆಲ್ಲ ಮೊಮ್ಮಕ್ಕಳ ಕಾಲವನ್ನು ಇವತ್ತೇ ಯೋಚಿಸಿದ ದೇಶಗಳು,” ಎಂದಿದ್ದ. ಸಾಹುಕಾರ ತಿಮ್ಮಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಎಲ್ಲಿ ಚಪ್ಪಾಳೆ ತಟ್ಟಬೇಕೆಂಬುದಕ್ಕೆ ಮೊಣಕೈಯಿಂದ ತಿವಿಯುತ್ತಿದ್ದ.

ತಿಮ್ಮಪ್ಪ ತಟ್ಟಿದ್ದ. ತಟ್ಟುತ್ತ ಆ ಚಿತ್ರದಲ್ಲಿ ತಮ್ಮ ಲೈನನ್ನು ಹುಡುಕಿದ್ದ. ಲೈನು ಇದ್ದ ಜಾಗದಲ್ಲಿ ಕಾರುಗಳು ನಿಂತಿದ್ದವು; ಪಕ್ಕದ ಪಾಳು ಹಕ್ಕಲಿನಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ನೀರಿನ ಕಾರಂಜಿ.

“ನಿನ್ನನ್ನ ಅಲ್ಲಿ ಕೂರ್ಸಿದ್ದು ಯಾರೋ?” ಸಾಹುಕಾರನ ದನಿ ಬದಲಾಯಿತು.

“ತಾವೇ ಸಾವ್ಕಾರ್ರೇ.”

“ನಾವಲ್ಲಿ ಕೂತಿದ್ದಾಗ ಇಲ್ಲಿ ನಿನ್ ಗ್ಯಾಂಗು ಎಂತ ಮಾಡೈತೆ ಗೊತ್ತೇನೋ ಬೋಳಿಮಗನೆ? ಹಕ್ಕಲಲ್ಲಿ ಸರ್ವೆಯವ್ರು ಹೊಡ್ದಿದ್ದ ಗೂಟ ಅಷ್ಟೂ ಕಿತ್ತು, ಗೂಟ ಇದ್ದಲ್ಲೆಲ್ಲ ಗುಂಡಿ ತೋಡವ್ರೆ! ಸೋಮವಾರ ಶಂಕುಸ್ಥಾಪನೆ! ಯಾರ ಅಪ್ಪನ ಹೆಣ ಹೂಳಕ್ಕೋ ಆ ಗುಂಡಿ?”



ಕೋಲನ್ನು ಕೇಳಿದ್ದು ಯಾಕೆಂದು ತಿಮ್ಮಪ್ಪನಿಗೆ ಈಗ ತಿಳಿಯಿತು. ಗುಂಡಿಯ ಆಳ ಅಗಲಗಳ ಗುರುತು ಕೊರೆದ ನಂದಿ ಮರದ ಕೋಲು ಅದು, ಅಪ್ಪನಿಂದ ಬಂದದ್ದು. ಆ ತೋಟದಲ್ಲಿ ಮೇಸ್ತ್ರಿ ಬಾಯಿಬಿಟ್ಟು ಕೆಲಸ ಹೇಳುವುದು ಕಡಿಮೆ. ಬೆಳಗಿನ ಮಂಜಿನಲ್ಲಿ ಹೋಗಿ ಅವತ್ತಿನ ಕೆಲಸದ ಜಾಗದಲ್ಲಿ ಕೋಲು ಊರಿ ಬರುತ್ತಾನೆ. ಗ್ಯಾಂಗು ಕೋಲು ಕಂಡಲ್ಲಿಗೆ ಹೋಗುತ್ತದೆ. ಅಲ್ಲಿ ಕಳೆ ಇದ್ದರೆ ಕಳೆ ಕೀಳಬೇಕು. ಗೂಟಗಳ ಸಾಲಿದ್ದರೆ ಗೂಟ ಕಿತ್ತು, ಅದೇ ಜಾಗದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೋಡಬೇಕು. ಯಾಕೆ ಎಂದು ಕೇಳಿದವರ ಸಂಬಳ ಅವತ್ತೇ ಕಟ್. ಕೇಳದೆ ಇರುವುದನ್ನು ಆ ಜನಕ್ಕೆ ಮೂರು ತಲೆಮಾರು ಕಲಿಸಿದ್ದರು, ಅವರು ಅದನ್ನು ಚೆನ್ನಾಗಿಯೇ ಕಲಿತಿದ್ದರು.

“ಕೇಳಿದ್ರೆ ಎಲ್ಲಾ ಒಂದೇ ಮಾತು ಸಾವ್ಕಾರ್ರೇ,” ಮಂಜಯ್ಯ ನಡುವೆ ಬಾಯಿ ಹಾಕಿದ. “ಕೋಲು ನಿಂತಿತ್ತು, ತೋಡಿದ್ವಿ ಅಂತಾರೆ. ಊರಿದ್ದು ಯಾರು ಅಂದ್ರೆ ಕಾಣಲಿಲ್ಲ ಅಂತಾರೆ.”

“ನಂಗೂ ಗೊತ್ತಿಲ್ಲ ಸಾವ್ಕಾರ್ರೇ. ದೇವ್ರಾಣೆಗೂ ಗೊತ್ತಿಲ್ಲ.”

ಜಯದೇವಪ್ಪ ಎದ್ದು ಮೆಟ್ಟಿಲವರೆಗೆ ಬಂದ. ದನಿ ಈಗ ಮೆತ್ತಗಿತ್ತು. ಅದು ಬೈಗುಳಕ್ಕಿಂತ ಕೆಟ್ಟದ್ದೆಂದು ತಿಮ್ಮಪ್ಪ ಬಲ್ಲ.

“ನಂಗೊತ್ತು ತಿಮ್ಮ. ಆ ಸಾಬರ ಹುಡ್ಗ, ಬಾಡಿಗೆ ಜೀಪಿನ ಸಫ್ದರ್. ಈ ಹಕ್ಕಲು ಹಿಂದೆ ನಿಮಗೆ ಸೈಟು ಅಂತ ಮಂಜೂರಾಗಿತ್ತು, ಯಾಕೆ ಕೇಳಲ್ಲ ಅಂತ ಲೈನಲ್ಲಿ ಕೂತು ಊದ್ತಿದ್ನಂತಲ್ಲ. ಬೆಳಗ್ಗೆ ಸಬ್ ಇನ್ಸ್‌ಪೆಕ್ಟರ್ ಬರ್ತಾರೆ. ಎಲ್ಲರ ಎದ್ರಿಗೆ ನೀನು ಅವನ ಹೆಸರು ಹೇಳ್ತೀಯ. ಹೇಳಿದ್ರೆ ನಿನ್ ಕೋಲು ನಿಂಗೆ, ನಿನ್ ಮನೆ ನಿಂಗೆ. ಹೇಳಲಿಲ್ಲ ಅಂದ್ರೆ, ಕೋಲು ನಿಂದಲ್ವನೋ? ಜೈಲಿಗೆ ನೀನೇ ಹೋಗು. ನಿನ್ ಹೆಂಡ್ತಿ ಪಾತ್ರೆ ಹೊತ್ಕಂಡು ಎಲ್ಲಿಗಾದ್ರೂ ಹೋಗ್ಲಿ.”

ಬೆಳಗಿನವರೆಗೆ ಅವನನ್ನು ಕಾಫಿ ಗೋದಾಮಿನಲ್ಲಿ ಕೂಡಿ ಹಾಕಿದರು.

ಸೈಟಿನ ಮಾತು ಸುಳ್ಳಾಗಿರಲಿಲ್ಲ. ಹಿಂದಿನ ಯಾವುದೋ ಸರ್ಕಾರದ ಯಾವುದೋ ಯೋಜನೆಯಲ್ಲಿ ಅದೇ ಹಕ್ಕಲನ್ನು ತೋಟದ ಕೂಲಿಗಳ ಮನೆಗೆಂದು ಗುರುತಿಸಿ, ದೊಡ್ಡ ತಗಡಿನ ಬೋರ್ಡು ನೆಟ್ಟಿದ್ದರು. ಮನೆ ಬರಲಿಲ್ಲ. ಬೋರ್ಡು ಬಿದ್ದುಹೋಯಿತು. ಆ ತಗಡು ಈಗ ತಿಮ್ಮಪ್ಪನ ಬಚ್ಚಲಿಗೆ ಬಾಗಿಲಾಗಿತ್ತು; ಮಂತ್ರಿಯ ಮುಖದ ಅರ್ಧ ಇನ್ನೂ ಅದರ ಮೇಲೆ ನಗುತ್ತಿತ್ತು.

ಮನೆ ಬಾರದಿದ್ದರೂ ಜನ ಹಕ್ಕಲನ್ನು ಖಾಲಿ ಬಿಟ್ಟಿರಲಿಲ್ಲ. ಊರಿನ ಸ್ಮಶಾನಕ್ಕೆ ಲೈನಿನ ಹೆಣಗಳನ್ನು ಬಿಡುತ್ತಿರಲಿಲ್ಲವಾದ್ದರಿಂದ ತಮ್ಮ ಸತ್ತವರನ್ನೆಲ್ಲ ಅಲ್ಲೇ, ಲಂಟಾನದ ಪೊದೆಗಳ ನಡುವೆ ಹೂಳುತ್ತಿದ್ದರು. ತಿಮ್ಮಪ್ಪನ ಅಪ್ಪ ಅಲ್ಲಿದ್ದ. ಮಗಳು ಧನ್ಯಶ್ರೀ ಅಲ್ಲಿದ್ದಳು, ಹಲಸಿನ ಮರದ ಬುಡದಲ್ಲಿ.

ಕಾಮಾಲೆ ಬಂದ ಮಗುವನ್ನು ಮಳೆಗಾಲದಲ್ಲಿ ಕಂಬಳಿಯ ಜೋಲಿಯಲ್ಲಿ ರಸ್ತೆಯವರೆಗೆ ಹೊತ್ತು, ಅಲ್ಲಿಂದ ಸಫ್ದರನ ಜೀಪಿನಲ್ಲಿ ಮೂಡಿಗೆರೆಗೆ ಸಾಗಿಸಿದ್ದರು. ವಾಪಸು ತಂದದ್ದೂ ಅದೇ ಜೀಪಿನಲ್ಲಿ. ಹೆಣ ಹತ್ತಿಸಿಕೊಳ್ಳಲು ಬೇರೆ ಯಾರೂ ಒಪ್ಪದಿದ್ದಾಗ ಅವನೇ ಹಿಂದಿನ ಸೀಟಿನಲ್ಲಿ ತನ್ನ ಜಮಖಾನ ಹಾಸಿಕೊಟ್ಟಿದ್ದ. ಗುಂಡಿಗೆ ಮಣ್ಣು ಎಳೆಯುವಾಗಲೂ ಒಂದು ಕೈ ಹಾಕಿದ್ದ.

ಸರ್ವೆಯವರು ಬಂದ ದಿನ ರಾಜೇಶ್ ಸೌಜನ್ಯದಿಂದಲೇ ಕೇಳಿದ್ದ: “ಈ ಜಾಗದಲ್ಲಿ ಏನಾದ್ರೂ ಇದೆಯಾ ಯಜಮಾನ್ರೇ? ಗುಡಿ, ಬನ, ಸಮಾಧಿ?” ತಿಮ್ಮಪ್ಪ ಸಾಹುಕಾರನ ಮುಖ ನೋಡಿದ್ದ. ಸಾಹುಕಾರ ಆಕಾಶ ನೋಡುತ್ತಿದ್ದ.

“ಎಂತದೂ ಇಲ್ಲ ಸಾರ್,” ಎಂದಿದ್ದ ತಿಮ್ಮಪ್ಪ. “ಬರೀ ಲಂಟಾನ.”

ಸೌದೆಯ ಹೊರೆ ಹೊತ್ತು ಬರುತ್ತಿದ್ದ ರಂಗಮ್ಮ ಆ ಮಾತು ಕೇಳಿ ನಿಂತಳು. ಹೊರೆ ಇಳಿಸಲಿಲ್ಲ. ಗಂಡನನ್ನು ಒಮ್ಮೆ ನೋಡಿ, ಹೊತ್ತ ಹಾಗೆಯೇ ನಡೆದುಬಿಟ್ಟಳು. ಅಂದಿನಿಂದ ಅನ್ನ ಬಡಿಸುತ್ತಿದ್ದಳು, ನೀರು ಕಾಯಿಸುತ್ತಿದ್ದಳು. ಮಾತು ನಿಂತಿತ್ತು.

ಬೆಳಗ್ಗೆ ಗೋದಾಮಿನ ಬೀಗ ತೆಗೆದು ಅವನನ್ನು ಹಕ್ಕಲಿಗೆ ನಡೆಸಿದರು. ಲಂಟಾನ ಸವರಿದ್ದ ಇಳಿಜಾರಿನ ಮೇಲೆ ಗುಂಡಿಗಳು ಸಾಲುಸಾಲಾಗಿ ಇಳಿದಿದ್ದವು. ಅಂಚು ನೇರ, ಮಣ್ಣೆಲ್ಲ ಕೆಳಮಗ್ಗುಲಿಗೆ. ಇಂಥ ಅಚ್ಚುಕಟ್ಟು ಕೆಲಸಕ್ಕೆ ಬೇರೆ ದಿನವಾಗಿದ್ದರೆ ಅವನು ಗ್ಯಾಂಗಿನ ಬೆನ್ನು ತಟ್ಟುತ್ತಿದ್ದ. ಹತ್ತಿರ ಹೋದಾಗ ಕಂಡಿತು: ಮಣ್ಣಿನ ಗುಪ್ಪೆಗಳ ಮೇಲೆ ಅಲ್ಲಲ್ಲಿ ಬಿಳಿಯದನ್ನು ಆರಿಸಿ ಇಟ್ಟಿದ್ದರು. ಒಂದು ಕಡೆ ಮೂಳೆ. ಇನ್ನೊಂದು ಕಡೆ ಹಲ್ಲುಸಾಲು. ಮತ್ತೊಂದರ ಮೇಲೆ ಎಲೆಯಡಿಕೆ ಕುಟ್ಟುವ ಪುಟ್ಟ ಕಲ್ಲು. ಅದನ್ನು ಮುದುಕಿಯೊಬ್ಬಳ ಜೊತೆಗೇ ಹೂತಿದ್ದರು.

ಲೈನಿನ ಜನ ಮೇಲಿನ ದಿಣ್ಣೆಯಲ್ಲಿ ನಿಂತಿದ್ದರು. ಕೆಳಗೆ ಪೊಲೀಸ್ ಜೀಪು. ಅದರ ಪಕ್ಕದಲ್ಲಿ ಸಫ್ದರ್ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ; ತುಟಿ ಒಡೆದಿತ್ತು.

ರಾಜೇಶ್ ಕರವಸ್ತ್ರ ಬಾಯಿಗೊತ್ತಿಕೊಂಡು ಗುಂಡಿಯಿಂದ ಗುಂಡಿಗೆ ನಡೆಯುತ್ತಿದ್ದ. “ವರದಿಯಲ್ಲಿ ಖಾಲಿ ಜಾಗ ಅಂತಿದೆ ಜಯದೇವಪ್ಪನವರೇ. ಮೇಲೆ ಹೋಗಿ ನಾನೇನು ಹೇಳಲಿ?”

“ದನಿನ ಮೂಳೆ ಸಾರ್. ಈ ಜನ ತಿಂದು ಬಿಸಾಕಿದ್ದು.”

“ದನಕ್ಕೆ ಕಾಲುಂಗುರ ಹಾಕ್ತಾರಾ ಇಲ್ಲಿ?”

ಸಾಹುಕಾರ ತಿಮ್ಮಪ್ಪನ ರಟ್ಟೆ ಹಿಡಿದು ಮುಂದೆ ತಳ್ಳಿದ. “ಹೇಳೋ. ಸಾಹೇಬ್ರಿಗೆ ಹೇಳು. ಯಾರು?”

ಸಬ್ ಇನ್ಸ್‌ಪೆಕ್ಟರ್ ಆಕಳಿಸಿದ. “ಸಫ್ದರ್ ತಾನೆ? ಹೂಂ ಅನ್ನು, ಸಾಕು. ತಿಂಡಿ ಆಗಿಲ್ಲ ನಮಗೆ.”

ಸಫ್ದರ್ ತಲೆಯೆತ್ತಿದ. “ಹೇಳಿ ತಿಮ್ಮಣ್ಣ, ಪರವಾಗಿಲ್ಲ. ನೀವು ಹೇಳಿದ್ರೂ ಅಷ್ಟೇ, ಹೇಳದಿದ್ರೂ ಅಷ್ಟೇ. ಇವ್ರು ಬರ್ಕಂಡೇ ಬಂದವ್ರೆ.”

“ಬಾಯ್ ಮುಚ್ಚೋ ಸೂಳೆಮಗನೆ!” ಪೇದೆಯ ಬೂಟು ಅವನ ಬೆನ್ನಿಗೆ ಬಿತ್ತು.

ತಿಮ್ಮಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಇಳಿಜಾರಿನ ಮೇಲ್ತುದಿಗೆ ಹೋಯಿತು. ಹಲಸಿನ ಮರದ ಬುಡದಲ್ಲಿ, ಗೂಟದ ಸಾಲಿಗೆ ಸೇರದ ಜಾಗದಲ್ಲಿ, ಒಂದೇ ಒಂದು ಗುಂಡಿ. ಅದರ ಅಂಚಿಗೆ ಊರಿದ್ದ ಅವನ ಕೋಲು. ಆ ಜಾಗವನ್ನು ಕಣ್ಣು ಮುಚ್ಚಿಯೂ ತೋರಿಸಬಲ್ಲವರು ಭೂಮಿಯ ಮೇಲೆ ಮೂವರೇ: ಒಬ್ಬ ಬೂಟಿನ ಕೆಳಗೆ ಬಿದ್ದಿದ್ದ, ಒಬ್ಬ ಇಲ್ಲಿ ನಿಂತಿದ್ದ. ಗೋಡೆಯ ಕಡೆ ತಿರುಗಿ ಮಲಗಿದ್ದ ಬೆನ್ನು ಅವನಿಗೆ ನೆನಪಾಯಿತು. ಒದೆಗೂ ಬೆಚ್ಚದ ಬೆನ್ನು.

“ಸಫ್ದರ್ ಅಲ್ಲ,” ಎಂದ.

ಕಪಾಳಕ್ಕೆ ಬಿದ್ದ ಏಟಿಗೆ ಕಿವಿ ಗುಂಯ್‌ಗುಟ್ಟಿತು. ಹೊಡೆದದ್ದು ಪೊಲೀಸರಲ್ಲ, ಸಾಹುಕಾರ.

“ಮತ್ಯಾರೋ?”

“ಕೋಲು ನಂದು. ನಾನೇ ಊರಿದ್ದು.”

ಜಯದೇವಪ್ಪ ಗಟ್ಟಿಯಾಗಿ ನಕ್ಕುಬಿಟ್ಟ. “ಕೇಳಿದ್ರಾ ಸಾರ್? ನಿನ್ನೆ ಕತ್ತಲಲ್ಲೇ ಎದ್ದು ನನ್ ಕಾರಲ್ಲಿ ಹಿಂದೆ ಕೂತ್ಕಂಡು ಬಂದೋನು, ದಿನವಿಡೀ ನಿಮ್ ಮುಂದೆ ಕೂತು ಚಪ್ಪಾಳೆ ತಟ್ಟಿದೋನು! ಅಲ್ಲಿಂದ ಕೈ ಚಾಚಿ ಇಲ್ಲಿ ಕೋಲು ಊರಿದ್ನಂತೆ! ಥೂ, ಸುಳ್ಳು ಹೇಳಕ್ಕೂ ಬರಲ್ಲ ನಿಮ್ ಜಾತಿಗೆ.”

“ಮೊದಲು ಬರ್ತಿತ್ತು ಸಾವ್ಕಾರ್ರೇ,” ತಿಮ್ಮಪ್ಪ ಬಾಯಿಯ ರಕ್ತ ಉಗಿದ. ಅವನ ಕಣ್ಣು ರಾಜೇಶನ ಮೇಲಿತ್ತು. “ಎಂತದೂ ಇಲ್ಲ ಸಾರ್, ಬರೀ ಲಂಟಾನ ಅಂದಿದ್ನಲ್ಲ. ಅದು ಸುಳ್ಳು. ಇಲ್ಲಿ ನಮ್ ಅಪ್ಪ ಅವ್ನೆ. ನನ್ ಮಗಳು ಅವ್ಳೆ.”

ರಾಜೇಶ್ ಕರವಸ್ತ್ರ ಕೆಳಗಿಳಿಸಿದ. ಸಾಹುಕಾರನ ಮುಖ ನೋಡಿ, ಫೋನು ಕೈಗೆತ್ತಿಕೊಂಡು ಪಕ್ಕಕ್ಕೆ ಸರಿದ.

“ಸಾಕು ನಾಟಕ,” ಸಬ್ ಇನ್ಸ್‌ಪೆಕ್ಟರ್ ಜೀಪಿನ ಕಡೆ ತಿರುಗಿದ. “ಆ ಸಾಬನ್ನ ಹತ್ತಿಸ್ರೋ. ಜೊತೇಲಿ ಈ ಮುದಿ ಹರಿಶ್ಚಂದ್ರನ್ನೂ. ಠಾಣೆಗೆ ಹೋದ್ಮೇಲೆ ಹೆಸರು ತಾನಾಗೇ ಬರ್ತದೆ.”

ಪೇದೆ ಸಫ್ದರನ ಕಾಲರಿಗೆ ಕೈ ಹಾಕಿದ. ದಿಣ್ಣೆಯ ಮೇಲಿನ ಜನ ಒಂದು ಹೆಜ್ಜೆ ಕೆಳಗಿಳಿದು ನಿಂತರು. ಮಂಜಯ್ಯ ಅವರತ್ತ ಕೈ ಬೀಸಿ ಕೂಗಿದ. ಯಾರೂ ಹಿಂದೆ ಸರಿಯಲಿಲ್ಲ.

ಆಗ ಹಲಸಿನ ಬುಡದ ಗುಂಡಿಯಿಂದ ಮೊದಲು ಎರಡು ಕೈಗಳು ಅಂಚಿಗೆ ಬಂದವು, ಆಮೇಲೆ ಕೆಮ್ಮಣ್ಣು ಮೆತ್ತಿದ ತಲೆ. ಆ ಗುಂಡಿ ಕೋಲಿನ ಅಳತೆಗಿಂತ ತುಂಬ ಆಳವಾಗಿತ್ತು. ಅವಳು ಮೇಲೆ ಬಂದು, ಕೋಲು ಕಿತ್ತು, ಅದನ್ನೇ ಊರುತ್ತ ಇಳಿಜಾರು ಇಳಿದಳು. ಸೆರಗಿನಲ್ಲೊಂದು ಗಂಟಿತ್ತು. ಅದು ಎಷ್ಟು ಸಣ್ಣದಿತ್ತೆಂದರೆ ಎಡಗೈಯೊಂದೇ ಅದಕ್ಕೆ ಸಾಕಾಗಿತ್ತು. ಜೀಪಿನ ಮುಂದೆ ನಿಂತು, ಬಾನೆಟ್ಟಿನ ಮೇಲೆ ಅದನ್ನು ನಿಧಾನವಾಗಿ ಬಿಚ್ಚಿದಳು. ಕಂದು ಬಣ್ಣಕ್ಕೆ ತಿರುಗಿದ ಎಳೆ ಮೂಳೆಗಳ ನಡುವೆ ಹಸಿರು ಪ್ಲಾಸ್ಟಿಕ್ ಬಳೆಯೊಂದು ಕೊಂಡ ದಿನದಷ್ಟೇ ಹಸಿರಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಕೋಲನ್ನು ಜೀಪಿನ ಚಕ್ರದ ಮುಂದೆ ನೆಲಕ್ಕೆ ಊರಿದಳು.

“ಬರ್ಕಳಿ ಸಾಹೇಬ್ರೇ, ಕೋಲು ಊರಿದ್ದು ನಾನು: ಧನ್ಯಶ್ರೀ ತಾಯಿ, ರಂಗಮ್ಮ.”