ಅರೆಮಡಿಸಿದ ಕೈ

ನಮ್ಮ ಐಸ್ ರಿಂಕಿನ ಹೆಬ್ಬಾಗಿಲ ಮೇಲೆ ನನ್ನ ಅಕ್ಕನ ಆಕೃತಿಯಿದೆ. ತಗಡಿನಲ್ಲಿ ಕತ್ತರಿಸಿ ಕಪ್ಪು ಬಣ್ಣ ಬಳಿದದ್ದು. ಗಾಳಿಯಲ್ಲಿ ಎರಡು ಸುತ್ತು ತಿರುಗಿ ಮಂಜುಗಡ್ಡೆಯ ಮೇಲೆ ಇಳಿದ ಕ್ಷಣ ಅದು. ಬಲಗಾಲು ಊರಿದೆ, ಎಡಗಾಲು ಹಿಂದಕ್ಕೆ ಚಾಚಿದೆ, ಬಲಗೈ ಭುಜದ ನೇರಕ್ಕೆ ಹರಡಿದೆ. ಎಡಗೈ ಮಾತ್ರ ಮೊಣಕೈಯಲ್ಲಿ ಅರ್ಧ ಮಡಿದು, ಮುಚ್ಚಬೇಕೋ ತೆರೆಯಬೇಕೋ ಇನ್ನೂ ತೀರ್ಮಾನಿಸದ ರೆಕ್ಕೆಯಂತೆ ನಿಂತಿದೆ. ಹೋಲಿಕೆ ನನ್ನದಲ್ಲ. ಐವತ್ತನಾಲ್ಕು ವರ್ಷಗಳ ಹಿಂದೆ ಅಕ್ಕ ಐಸ್ ಸ್ಕೇಟಿಂಗಿನಲ್ಲಿ ದೇಶದ ಚಾಂಪಿಯನ್ ಆದ ಮರುದಿನ ಪತ್ರಿಕೆಯ ವರದಿಗಾರನೊಬ್ಬ ಬರೆದದ್ದು. ಅಂದಿನಿಂದ ಆ ಕೈಗೆ ‘ರೆಕ್ಕೆ’ ಎಂಬ ಹೆಸರು ಬಿತ್ತು. ಮರುವರ್ಷ ಬೇರೆ ಊರುಗಳ ಮೂವರು ಹುಡುಗಿಯರು ಹಾಗೆಯೇ ಇಳಿದರು, ತೀರ್ಪುಗಾರರು ತಲೆದೂಗಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಎರಡೂ ಕೈ ಚಾಚಿ ಇಳಿಯುವವಳು ಹಳೆಯ ಕಾಲದವಳು ಎನಿಸಿಕೊಂಡಳು. ಒಬ್ಬ ಹೆಣ್ಣುಮಗಳ ಒಂದು ಮೊಣಕೈ ಒಂದಿಡೀ ಆಟದ ಚಹರೆಯನ್ನು ಬದಲಿಸಿತ್ತು.

ಆ ಮೊಣಕೈ ನೇರವಾಗುವುದೇ ಇಲ್ಲ ಎಂಬುದು ಅವಳನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು.

ಅವಳಿಗೆ ಆಗ ಹದಿನೇಳು, ನನಗೆ ಹದಿನಾಲ್ಕು. ರಿಂಕಿಗೆ ರಜೆಯಿದ್ದ ತಿಂಗಳಲ್ಲಿ ಮನೆಯ ಮೆಟ್ಟಿಲಿನಿಂದ ಬಿದ್ದು ಮೂಳೆ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್ ಇರಬೇಕೆಂದರು ವೈದ್ಯರು. ಆಯ್ಕೆಯ ಸ್ಪರ್ಧೆ ನಾಲ್ಕನೆಯ ವಾರದಲ್ಲಿತ್ತು. ಅಮ್ಮ ಲಾಂಡ್ರಿಯ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಅವಳ ಕೈಯನ್ನಿಟ್ಟು, ತಗಡು ಕತ್ತರಿಸುವ ಕತ್ತರಿಯಿಂದ ನಾನೇ ಆ ಬಿಳಿಯ ಚಿಪ್ಪನ್ನು ಸೀಳಿದೆ. ವೈದ್ಯರೇ ತೆಗೆದರೆಂದು ಅಮ್ಮನಿಗೆ ಹೇಳಿದೆವು. ಮೂಳೆ ಕೂಡಿತು, ವಾರೆಯಾಗಿ ಕೂಡಿತು. ಅಕ್ಕ ಉದ್ದ ತೋಳಿನ ಉಡುಪು ಹೊಲಿಸಿಕೊಂಡಳು. ಗೆದ್ದ ಮೇಲೆ ನಿಜ ಯಾರಿಗೂ ಬೇಕಾಗಲಿಲ್ಲ.

ರಿಂಕಿನಲ್ಲಿ ಸ್ಕೇಟುಗಳ ಬ್ಲೇಡಿಗೆ ಸಾಣೆ ಹಿಡಿಯುವುದು ನನ್ನ ಕಸುಬು. ನಲವತ್ತು ವರ್ಷಗಳಿಂದ ಬಟ್ಟೆ ಬದಲಿಸುವ ಕೋಣೆಯ ಪಕ್ಕದ ಕಿರುಗೋಣೆಯಲ್ಲಿ ಕುಳಿತಿದ್ದೇನೆ. ಅಕ್ಕ ದಿನವೂ ಮಧ್ಯಾಹ್ನ ಬಂದು ಮೊದಲ ಸಾಲಿನಲ್ಲಿ ಮೊಣಕಾಲಿಗೆ ಕಂಬಳಿ ಹೊದ್ದು ಕೂರುತ್ತಾಳೆ. ಆರು ವರ್ಷದ ಮಗುವಾಗಿದ್ದಾಗಿನಿಂದ ಅಕ್ಕ ತಿದ್ದಿ ಬೆಳೆಸಿದ ಶಿಷ್ಯೆಯೇ ಈಗ ಇಲ್ಲಿನ ತರಬೇತುಗಾರ್ತಿ, ಮಕ್ಕಳಿಗೆ ‘ಮೇಡಂ’.

ಈ ಮೇಡಂ ಬಳಿ ಹನ್ನೆರಡು ವರ್ಷದ ಒಬ್ಬಳಿದ್ದಾಳೆ. ಗಾಳಿಗೆ ಹಾರಿದರೆ ಕಣ್ಣಿಗೆ ಸಿಗದಷ್ಟು ವೇಗವಾಗಿ ತಿರುಗುವುದರಿಂದ ಎಲ್ಲರೂ ಅವಳನ್ನು ‘ಬುಗುರಿ’ ಎನ್ನುತ್ತಾರೆ. ಆ ಶುಕ್ರವಾರ ಸಂಜೆ ಐದಕ್ಕೆ ದೊಡ್ಡ ಸ್ಪರ್ಧೆಗೆ ಹೋಗುವ ಆರು ಜನರ ಪಟ್ಟಿ ಕಳಿಸಬೇಕಿತ್ತು. ಐದು ಹೆಸರು ಬಿದ್ದಿದ್ದವು. ಎರಡು ಸುತ್ತಿನ ಜಿಗಿತವನ್ನು ಬೀಳದೆ ಒಮ್ಮೆ ತೋರಿಸಿದರೆ ಆರನೆಯದು ಬುಗುರಿಯದು. ಮೂರು ವಾರಗಳಿಂದ ಅವಳು ಬೀಳುತ್ತಲೇ ಇದ್ದಳು.

ನಾಲ್ಕು ಗಂಟೆಗೆ ಬೂಟು ಹಿಡಿದು ನನ್ನ ಕೋಣೆಗೆ ಬಂದಳು.

“ತಾತ, ಬಲಗಾಲಿಂದು ಸ್ವಲ್ಪ ನೋಡಿ. ಇಳಿಯುವಾಗ ಜಾರುತ್ತೆ.”

“ಮೊನ್ನೆ ತಾನೆ ಸಾಣೆ ಹಿಡಿದಿದ್ದೀನಲ್ಲೇ.”

“ಹಾಗಾದ್ರೆ ಎಡಗಾಲಿಂದು ನೋಡಿ.”

“ಎಡಗಾಲಲ್ಲಿ ಇಳೀತೀಯಾ ನೀನು?”

“ಇಲ್ಲ. ಆದ್ರೆ ಯಾರ ಮೇಲಾದ್ರೂ ತಪ್ಪು ಹಾಕ್ಬೇಕಲ್ಲ.”

ಬಲ ಬ್ಲೇಡಿನ ಹೊರ ಅಂಚನ್ನು ಹೆಬ್ಬೆರಳಿನಿಂದ ಸವರಿದೆ. ಹಿಮ್ಮಡಿಯ ಬಳಿ ಅದು ಎರಡು ದಿನಕ್ಕೇ ಮೊಂಡಾಗಿತ್ತು. ಇಳಿದ ಮೇಲೂ ಮೈ ತಿರುಗುತ್ತಲೇ ಇದ್ದರೆ ಹೀಗೆ ಸವೆಯುತ್ತದೆ. ತಿರುಗುವ ಮೈಯನ್ನು ತಡೆಯುವುದು ಚಾಚಿದ ಎರಡು ಕೈಗಳು. ಒಂದು ಕೈಯನ್ನು ಅರ್ಧ ಮಡಿಸಿಟ್ಟರೆ ಅದು ಅರ್ಧ ಹಾಕಿದ ಬ್ರೇಕು. ಅಷ್ಟೇನೂ ವೇಗವಿಲ್ಲದ ಅಕ್ಕನಿಗೆ ಅದು ಸಾಕಾಗಿತ್ತು. ಈ ಹುಡುಗಿಗೆ ಸಾಲದು. ಮೂರು ವಾರಗಳಿಂದ ಆ ಅಂಚು ನನಗೆ ಇದನ್ನೇ ಹೇಳುತ್ತಿತ್ತು. ಮತ್ತೆ ಸಾಣೆ ಹಿಡಿದು, ಏನೂ ಹೇಳದೆ ಬೂಟನ್ನು ಅವಳ ಕೈಗಿಟ್ಟು, ಹೊರಗೆ ಬಂದು ಅಕ್ಕನ ಪಕ್ಕ ಕುಳಿತೆ.

“ರೆಕ್ಕೆ ಎಲ್ಲೇ? ರೆಕ್ಕೆ!” ಎಂದು ಮೇಡಂ ಕೂಗುತ್ತಿದ್ದಳು.

ಬುಗುರಿ ಹಾರಿದಳು, ತಿರುಗಿದಳು, ಎಡಗೈಯನ್ನು ಹೇಳಿದಂತೆಯೇ ಮಡಿಸಿ ಇಳಿದಳು, ಮತ್ತು ಆ ಕೈ ತಡೆಯಲಾರದ ಸುತ್ತು ಅವಳನ್ನು ಎತ್ತಿ ಪಕ್ಕಕ್ಕೆಸೆಯಿತು. ನಾಲ್ಕು ಸಲ. ಐದನೆಯ ಸಲ ಬಿದ್ದವಳು ಬೇಗ ಏಳಲಿಲ್ಲ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಂಗೆ ದಿನಾ ಒಂದು ನೆಪ,” ಎಂದಳು ಮೇಡಂ. “ಇವತ್ತು ಯಾವುದು? ಐಸಾ, ಬ್ಲೇಡಾ?”

“ನೆಲ ನೆಟ್ಟಗಿದೆ ಮೇಡಂ,” ಎಂದಳು ಬುಗುರಿ ಕುಳಿತಲ್ಲಿಂದಲೇ. “ಕೈಯೇ ಡೊಂಕು.”

ತಡೆಗೋಡೆಯ ಬಳಿ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕು, ಒಡನೆಯೇ ಬಾಯಿ ಮುಚ್ಚಿಕೊಂಡರು.

“ಏನಂದೆ?”

“ಹೀಗೆ ಮಡಿಸಿದ್ರೆ ನಿಲ್ಲೋಕಾಗಲ್ಲ. ಚಾಚಿದ್ರೆ ನಿಲ್ತೀನಿ. ಬೆಳಿಗ್ಗೆ ಯಾರೂ ಇಲ್ದಾಗ ನಿಂತಿದ್ದೀನಿ.”

“ಯಾರ ಎದುರಿಗೆ ಮಾತಾಡ್ತಿದ್ದೀಯ ಗೊತ್ತಾ? ಅಲ್ಲಿ ಕೂತಿದ್ದಾರಲ್ಲ, ಅವರು ಕೊಟ್ಟ ಕೈ ಅದು. ಬೇಡ ಅಂದ್ರೆ ಬೂಟು ಬಿಚ್ಚು. ಆರನೇ ಹೆಸರಿಗೆ ಬೇರೆಯವರಿದ್ದಾರೆ.”

ಬುಗುರಿ ಅಂಚಿಗೆ ಬಂದು ಬೆಂಚಿನ ಮೇಲೆ ಕುಳಿತು ಲೇಸು ಬಿಚ್ಚತೊಡಗಿದಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು.

ಅಕ್ಕ ನನ್ನ ಕಡೆ ತಿರುಗದೆ ಕೇಳಿದಳು: “ಕೇಳಿಸ್ತೇನೋ?”

“ಕೇಳಿಸ್ತು.”

“ನಿಂಗೆ ಮೊದಲೇ ಗೊತ್ತಿತ್ತು.”

“ಮೂರು ವಾರದಿಂದ. ಅವಳ ಬ್ಲೇಡ್ ನೋಡಿ ಗೊತ್ತಾಯ್ತು.”

“ಹೇಳಲಿಲ್ಲ ನೀನು.”

“ಹೇಳಬೇಡ ಅಂದವಳು ನೀನೇ ಅಲ್ವಾ?”

“ಅಂಗಡಿಯಿಂದ ಸೋಪು ತಾ ಅಂದ್ರೆ ಬಾಗಿಲು ದಾಟೋದ್ರೊಳಗೆ ಮರೀತೀಯ. ಇದೊಂದನ್ನ ಮಾತ್ರ ಕಲ್ಲಲ್ಲಿ ಕೆತ್ತಿಟ್ಕೊಂಡಿದ್ದೀಯ!” ಕಂಬಳಿಯ ಅಂಚನ್ನು ಬೆರಳಲ್ಲಿ ಹೊಸೆದಳು. ಅವಳ ದನಿ ಇಳಿಯಿತು. “ಆ ಮೊಣಕೈ ತೆಗೆದ್ರೆ ನಂದು ಅಂತ ಏನುಳಿಯುತ್ತೋ?”

ಅವಳ ಗೆಲುವಿನ ಪದಕ ಎಲ್ಲಿದೆಯೆಂದು ಅವಳಿಗೇ ಗೊತ್ತಿಲ್ಲ. ಆಗಿನ ಆಟ, ಅದಕ್ಕೆ ಹಾಕಿದ್ದ ಸಂಗೀತ ಯಾರಿಗೂ ನೆನಪಿಲ್ಲ. ಲೋಕ ಅವಳಿಂದ ಇಟ್ಟುಕೊಂಡದ್ದು ಆ ಒಂದು ಬಾಗು.

“ನಾನು ಹೇಳಲಾ?” ಎಂದೆ. “ಕತ್ತರಿಸಿದವನು ನಾನು.”

“ಕತ್ತರಿಸು ಅಂದವಳು ನಾನು. ಕೈ ಕೊಡು, ಏಳ್ತೀನಿ.”

ಬುಗುರಿ ಎರಡನೆಯ ಬೂಟಿನ ಗಂಟಿಗೆ ಬರುವಷ್ಟರಲ್ಲಿ ಅಕ್ಕ ನನ್ನ ತೋಳು ಹಿಡಿದು ತಡೆಗೋಡೆ ತಲುಪಿದ್ದಳು.

“ಬಾರೇ ಇಲ್ಲಿ,” ಎಂದು ಮೇಡಂ ಅನ್ನು ಕರೆದಳು. ಎಡ ತೋಳಿನ ಗುಂಡಿ ಬಿಚ್ಚಿ, ಬಟ್ಟೆಯನ್ನು ಮೇಲಕ್ಕೆ ಸರಿಸಿದಳು. “ಇಲ್ಲಿ ಕೈ ಇಡು. ಇಡೇ, ಕಚ್ಚಲ್ಲ. ಈಗ ಎಳೆದು ನೆಟ್ಟಗೆ ಮಾಡು.”

“ನಿಮಗೆ ನೋವಾಗುತ್ತಮ್ಮಾ.”

“ನೋವೂ ಆಗಲ್ಲ, ನೆಟ್ಟಗೂ ಆಗಲ್ಲ. ಎಳಿ.”

ಮೇಡಂ ಎಳೆದಳು. ಹಿಂದೆ ಏನೋ ಇಟ್ಟಿರುವ ಬಾಗಿಲಿನ ಹಾಗೆ ಆ ಕೈ ಅರ್ಧಕ್ಕೆ ಬಂದು ನಿಂತಿತು. ಅವಳ ಬೆರಳುಗಳು ಮೂಳೆಯ ಗಂಟನ್ನು ಹುಡುಕಿ, ಅಲ್ಲೇ ಉಳಿದವು.

“ಯಾವಾಗಿಂದ?”

“ಚಾಂಪಿಯನ್ ಆಗೋಕೆ ಮುಂಚಿಂದ. ಮುರಿದಿತ್ತು. ಪ್ಲಾಸ್ಟರ್ ಬೇಗ ತೆಗೆಸ್ಕೊಂಡೆ.”

“ಹಾಗಾದ್ರೆ ರೆಕ್ಕೆ…”

“ರೆಕ್ಕೆನೂ ಇಲ್ಲ, ಪುಕ್ಕನೂ ಇಲ್ಲ. ಚಾಚೋಕೆ ಆಗ್ತಿರಲಿಲ್ಲ, ಅಷ್ಟೆ.”

ಮೇಡಂ ಮುಖದ ಮೇಲೆ ಮೊದಲು ನಗು ಬಂತು, ಬಂದ ಹಾಗೆಯೇ ಮಾಯವಾಯಿತು. “ಆರು ವರ್ಷದವಳಿದ್ದೆ ನಾನು. ನನ್ನ ಕೈ ಯಾಕಮ್ಮಾ ಮಡಿಸಿದ್ರಿ?”

“ನಾನು ಮಡಿಸಲಿಲ್ಲ ಕಣೇ. ಬಾಗಿಲ ಮೇಲಿನ ಚಿತ್ರ ನೋಡಿ ನೀನೇ ಮಡಿಸ್ಕೊಂಡು ಬಂದೆ. ಬೇಡ ಅನ್ನಬೇಕಿತ್ತು. ಚೆನ್ನಾಗಿದೆ ಅಂದೆ. ಅದೇ ನನ್ನ ತಪ್ಪು.”

“ಇಪ್ಪತ್ತು ವರ್ಷದಿಂದ ಬೆನ್ನು ನೋವು ನನಗೆ. ಮೂವತ್ತೊಂಬತ್ತು ವರ್ಷ ಅಭ್ಯಾಸ ಮಾಡಿದ್ದು ನಿಮ್ಮ ಪೆಟ್ಟನ್ನಾ?”

ಅಕ್ಕ ತಲೆ ತಗ್ಗಿಸಲಿಲ್ಲ. “ಹೌದು. ಬೈಯಿ. ಬೈಸ್ಕೊಳ್ಳೋಕೇ ಎದ್ದು ಬಂದಿದ್ದೀನಿ.”

ಮೇಡಂ ಬೈಯಲಿಲ್ಲ. ಆ ಕೈಯನ್ನು ಇನ್ನೂ ಹಿಡಿದೇ ಇದ್ದಳು. ಅವಳೊಳಗಿನ ತರಬೇತುಗಾರ್ತಿ ಎಚ್ಚರಗೊಂಡಂತೆ ಕೇಳಿದಳು: “ಈ ಕೈ ಇಟ್ಕೊಂಡು ನೀವು ಹೇಗೆ ನಿಂತ್ರಿ?”

“ಬೆನ್ನಿಂದ. ದಿನಕ್ಕೆ ಐದು ತಾಸು ಬೆನ್ನು ಗಟ್ಟಿ ಮಾಡ್ಕೊಂಡೆ. ಅದನ್ನ ಮಾತ್ರ ಯಾರೂ ನಕಲು ಮಾಡಲಿಲ್ಲ ನೋಡು.” ಅಕ್ಕನ ದನಿಯಲ್ಲಿ ಐವತ್ತನಾಲ್ಕು ವರ್ಷಗಳಲ್ಲಿ ನಾನು ಕೇಳಿರದ ಒಂದು ಹೆಮ್ಮೆಯಿತ್ತು. “ಇನ್ನು ಇಪ್ಪತ್ತು ನಿಮಿಷ ಇದೆ ಐದಕ್ಕೆ. ಮೊದಲು ಆ ಮಗೂನ ಕರಿ. ನನ್ನ ಜೊತೆ ಜಗಳ ನಾಳೆನೂ ಆಡಬಹುದು.”

ಮೇಡಂ ಬೆಂಚಿನ ಬಳಿಗೆ ಹೋದಳು. ಮಂಡಿಯೂರಿ ಬುಗುರಿಯ ಬೂಟಿಗೆ ಕೈಯಿಟ್ಟಳು.

“ನಾನೇ ಕಟ್ಕೋತೀನಿ ಮೇಡಂ.”

“ಸುಮ್ಮನಿರು. ಬೆಳಿಗ್ಗೆ ನಿಂತೆ ಅಂದ್ಯಲ್ಲ, ಅದನ್ನ ತೋರಿಸು.”

ಮೊದಲ ಸಲ ಬುಗುರಿ ಅಂಜಿಕೆಯಲ್ಲಿ ಕೈ ಮಡಿಸಿಯೇ ಇಳಿದು ಬಿದ್ದಳು. “ಕೈ!” ಎಂದು ಕೂಗಿದ್ದು ಮೇಡಂ ಅಲ್ಲ, ಅಕ್ಕ. ಎರಡನೆಯ ಸಲ ದೂರದ ಮೂಲೆಯಿಂದ ಬಂದಳು. ಏರಿದಳು, ಎರಡು ಸುತ್ತು, ಇಳಿಯುತ್ತಿದ್ದಂತೆ ಎರಡೂ ಕೈಗಳು ಹೊಸ್ತಿಲಲ್ಲಿ ಯಾರನ್ನೋ ಬರಮಾಡಿಕೊಳ್ಳುವಂತೆ ತೆರೆದುಕೊಂಡವು. ಬಲಗಾಲು ತುಸು ನಡುಗಿತು, ನಿಂತಿತು. ಅವಳ ಹಿಂದೆ ಮಂಜುಗಡ್ಡೆಯ ಮೇಲೆ ಕೊಕ್ಕೆಯಿಲ್ಲದ, ಒರಟಿಲ್ಲದ ಒಂದೇ ಒಂದು ಬಾಗುಗೆರೆ ಉಳಿಯಿತು. ಸಾಣೆಯವನಿಗೆ ಅದಕ್ಕಿಂತ ಚೆಲುವಾದ ಅಕ್ಷರವಿಲ್ಲ.

ಮೇಡಂ ಕೈಗವಸು ಹಲ್ಲಿನಿಂದ ಕಚ್ಚಿ ತೆಗೆದು, ತಡೆಗೋಡೆಯ ಮೇಲಿದ್ದ ಪಟ್ಟಿಗೆ ಆರನೆಯ ಹೆಸರು ಬರೆದು ಕಚೇರಿಗೆ ಕಳಿಸಿದಳು.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ರಿಂಕಿನ ನಡುವಿಗೆ ಹೋಗಿ, ಎಳೆಯರು ಮೊದಲು ಕಲಿಯುವ ಅರ್ಧ ಸುತ್ತಿನ ಸಣ್ಣ ಜಿಗಿತ ಹಾರಿದಳು. ಇಳಿಯುವಾಗ ಎಡ ಮೊಣಕೈ ತಾನಾಗಿ ಮಡಿಯಿತು. ಮತ್ತೆ ಹಾರಿದಳು, ಮತ್ತೆ ಮಡಿಯಿತು. ಮೂರನೆಯ ಸಲ ಹಲ್ಲು ಕಚ್ಚಿ ಇಳಿದಳು. ಕೈ ಅವಳ ಮಾತು ಕೇಳಲಿಲ್ಲ. ಹುಡುಗಿಯರು ನಗಲಿಲ್ಲ. ಅಕ್ಕ ನನ್ನ ತೋಳನ್ನು ಹಿಡಿದ ಹಿಡಿತ ಬಿಗಿಯಾಯಿತು.

ಬುಗುರಿ ಜಾರುತ್ತ ಅವಳ ಬಳಿ ಹೋದಳು.

“ಮೇಡಂ, ಕೈ.”

“ಗೊತ್ತು ಕಣೇ.”

“ಗೊತ್ತಿದ್ರೆ ಸಾಲದು, ಚಾಚ್ಬೇಕು.”

“ಆಹಾ! ಪಟ್ಟಿಗೆ ಹೆಸರು ಸೇರಿ ಐದು ನಿಮಿಷ ಆಗಿಲ್ಲ, ನಂಗೇ ಪಾಠ!”

“ಇಲ್ಲಿ ಕೊಡಿ,” ಎಂದು ಬುಗುರಿ ಅವಳ ಎಡ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಳು. ನಡೆಯಲು ಕಲಿಯುವ ಮಗುವನ್ನು ಕರೆದೊಯ್ಯುವವಳಂತೆ ಹಿಂದಕ್ಕೆ ಜಾರುತ್ತ, ಮೆಲ್ಲಗೆ ಎಳೆದುಕೊಂಡು ಹೊರಟಳು. ಆ ಮೊಣಕೈಯಲ್ಲಿ ಮುರಿದದ್ದೇನೂ ಇರಲಿಲ್ಲ. ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ನೇರವಾಗತೊಡಗಿತ್ತು.