ಹೌದು ಅನ್ನುವ ಮೊದಲೇ ಕುಡಿದ ಕಾಫಿ

ಹೆಣ್ಣು ಕೇಳಲು ಹೋದ ಹಿರಿಯ, ಎದುರಿಗಿಟ್ಟ ಕಾಫಿಯನ್ನು ತುಟಿಗೆ ಸೋಕಿಸಬಾರದು. ಹುಡುಗಿಯ ತಂದೆ "ಕೊಟ್ಟೆ, ಕಾಫಿ ಕುಡೀರಿ" ಎನ್ನುವವರೆಗೂ ಬಟ್ಟಲು ಹಾಗೇ ಆರುತ್ತಿರಬೇಕು. ಮೊದಲೇ ಕುಡಿದರೆ ಕೇಳುವುದೇನೂ ಇಲ್ಲ ಎಂದೇ ಅರ್ಥ. ಅಮ್ಮಾನ್ ನಗರದ ಹತ್ತಿರದ ಸಾಲ್ತ್ ಊರಿನಲ್ಲಿ ಈ ಕೆಲಸಕ್ಕೆ ಧೈಫಲ್ಲಾನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಅವನು ಬಟ್ಟಲು ಕೆಳಗಿಟ್ಟು ಗಡ್ಡ ನೀವಿಕೊಂಡು ಕೂತನೆಂದರೆ ಎಂಥ ಕಲ್ಲು ಮನಸ್ಸಿನ ತಂದೆಯೂ ಕರಗಿಬಿಡುತ್ತಿದ್ದ. ಎಲ್ಲವನ್ನೂ ಹೆಂಗಸರು ಮೊದಲೇ ಮಾತಾಡಿ ಮುಗಿಸಿರುತ್ತಿದ್ದರು ಎನ್ನುವುದು ಬೇರೆ ಮಾತು.

ಈ ಸಲ ಮಾತ್ರ ಹೆಂಗಸರೇ ಕೈಚೆಲ್ಲಿದ್ದರು. ಧೈಫಲ್ಲಾನ ತಮ್ಮನ ಮಗ ಲೈಥ್ ಶಾಲೆಯಲ್ಲಿ ಅರಬ್ಬಿ ವ್ಯಾಕರಣ ಕಲಿಸುವ ಮೇಷ್ಟ್ರು. ಅವನು ಮನಸ್ಸಿಟ್ಟ ರುಬಾಳ ತಂದೆ ಹಾಬಿಸ್ ದುಬೈಯಿಂದ ಮರಳಿದಾಗ ಬೀರುವಿನಷ್ಟು ದೊಡ್ಡ ಕಾಫಿ ಯಂತ್ರವನ್ನೂ ಅದಕ್ಕಿಂತ ದೊಡ್ಡ ಜಂಬವನ್ನೂ ಹೊತ್ತು ತಂದಿದ್ದ. "ವ್ಯಾಕರಣದಲ್ಲಿ ಸಂಸಾರ ನಡೆಯತ್ತೇನ್ರಿ?" ಎಂದು ಊರೆಲ್ಲ ಕೇಳಿಕೊಂಡು ತಿರುಗುತ್ತಿದ್ದ.

"ಆಗತ್ತಲ್ವಾ ದೊಡ್ಡಪ್ಪ?" ಎಂದು ಲೈಥ್ ದಾರಿಯುದ್ದಕ್ಕೂ ಕೇಳಿದ.

"ನಾನು ಬಟ್ಟಲು ಕೆಳಗಿಟ್ಟೆ ಅಂದ್ರೆ ಮುಗೀತು ಕಣೋ. ನೀನು ಬಾಯಿ ಮುಚ್ಕೊಂಡು ಗಾಡಿ ಓಡ್ಸು."

ಧೈಫಲ್ಲಾನ ಒಂದು ಗುಟ್ಟು ಲೈಥ್‌ಗೆ ಮಾತ್ರ ಗೊತ್ತಿತ್ತು. ಹೊರನಾಡಿನ ತಿಂಡಿ, ಹೊರನಾಡಿನ ಪಾನಕ ನಮ್ಮ ಹುಡುಗರನ್ನು ಹಾಳು ಮಾಡುತ್ತಿವೆ ಎಂದು ಮಸೀದಿ ಕಟ್ಟೆಯ ಮೇಲೆ ಗುಡುಗುತ್ತಿದ್ದ ಈ ಹಿರಿಯ, ಅಮ್ಮಾನ್‌ಗೆ ಹೋದಾಗಲೆಲ್ಲ ಕೆನೆ ಹಾಕಿದ ತಣ್ಣನೆಯ ಕಾಫಿಯನ್ನು ಕೊಳವೆಯಲ್ಲಿ ಸೊರ್ ಎಂದು ಹೀರಿ, ಗಡ್ಡ ಒರೆಸಿಕೊಂಡು ಊರಿಗೆ ಬರುತ್ತಿದ್ದ.

ಹಾಬಿಸ್‌ನ ಅಂಗಳದ ಡೇರೆಯಲ್ಲಿ ಎರಡೂ ಕಡೆಯ ಗಂಡಸರು ಸೇರಿದ್ದರು. ಮೂಲೆಯಲ್ಲಿ ಕಾಫಿ ಯಂತ್ರ ಮೆರೆಯುತ್ತಿತ್ತು. ಬಿಸಿಲು ಕಾದಿತ್ತು. ಧೈಫಲ್ಲಾ ಎದ್ದು ನಿಂತು ಎರಡು ಮನೆತನಗಳ ಮುತ್ತಾತಂದಿರನ್ನು ಒಬ್ಬೊಬ್ಬರನ್ನಾಗಿ ಹೊಗಳತೊಡಗಿದ. ಆರನೆಯ ಮುತ್ತಾತನ ಹೊತ್ತಿಗೆ ಗಂಟಲು ಒಣಗಿತು. ಆಗಲೇ ಯಾರೋ ಅವನ ಕೈಗೊಂದು ಲೋಟ ಕೊಟ್ಟರು. ಸಣ್ಣ ಬಟ್ಟಲಲ್ಲ, ಮೊಳದುದ್ದದ ಗಾಜಿನ ಲೋಟ. ಮೇಲೆ ಕೆನೆ, ಕೆನೆಯ ಮೇಲೆ ಸಕ್ಕರೆ ಪಾಕ, ನಡುವೆ ಕೊಳವೆ. ಕೈ ತಾನಾಗಿ ಮೇಲೆದ್ದಿತು. ಸೊರ್ ಎಂಬ ಸದ್ದು ಡೇರೆಯ ಕೊನೆಯವರೆಗೂ ಕೇಳಿಸಿತು.

ಲೈಥ್ ಮುಖ ಮುಚ್ಚಿಕೊಂಡ. ಧೈಫಲ್ಲಾನ ಜೀವಮಾನದ ಹೆಸರು ಒಂದು ಗುಟುಕಿಗೆ ಹೋಗಿತ್ತು, ಜೊತೆಗೆ ಹುಡುಗನ ಮದುವೆಯೂ.

"ಕುಡಿದಾಯ್ತಲ್ಲ," ಎಂದ ಹಾಬಿಸ್ ಮೆಲ್ಲಗೆ ನಗುತ್ತ. "ಹಾಗಾದ್ರೆ ಇನ್ನು ಕೇಳೋದು ಏನೂ ಇಲ್ಲ ಅಂತಾಯ್ತು. ಊಟ ಮಾಡ್ಕೊಂಡು ಹೊರಡಿ."

ಧೈಫಲ್ಲಾ ಲೋಟವನ್ನೊಮ್ಮೆ ನೋಡಿದ. "ಇದು ಕಾಫಿನಾ?"

"ಮತ್ತೇನು, ಮಜ್ಜಿಗೆನಾ? ಅಷ್ಟು ದೊಡ್ಡ ಯಂತ್ರದ್ದು ರೀ."

"ಅಲ್ಲಪ್ಪ, ಹೌದು ಅನ್ನೋ ಮೊದಲು ನಾನು ಕಾಫಿ ಕುಡಿದೋನೇ ಅಲ್ಲ. ಊರಿಗೇ ಗೊತ್ತು. ನಾನು ಕುಡಿದಿದ್ದೀನಿ ಅಂದ್ರೆ ನೀನು ಹೌದು ಅಂದಿರ್ಬೇಕು."

"ನಾನು ಬಾಯೇ ಬಿಟ್ಟಿಲ್ಲ."

"ಹಾಗಾದ್ರೆ ಇದು ಕಾಫಿ ಅಲ್ಲ. ಹೆಣ್ಣು ಕೇಳೋಕೆ ಬಂದೋರಿಗೆ ನಿನ್ನ ಮನೇಲಿ ಕಾಫಿ ಕೊಡ್ಲಿಲ್ಲ ಅಂತಾಯ್ತು."

"ಕಾಫೀನೇ ರೀ!"

"ಹಾಗಾದ್ರೆ ಹೌದು ಅಂದಿದ್ದೀಯ."

ಹಾಬಿಸ್ ಯಂತ್ರವನ್ನು ನೋಡಿದ, ನೆಂಟರನ್ನು ನೋಡಿದ, ಮತ್ತೆ ಯಂತ್ರವನ್ನು ನೋಡಿದ. ಅತ್ತ ದರಿ, ಇತ್ತ ಪುಲಿ. ಡೇರೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಗ ಹೆಂಗಸರ ಕಡೆಯ ಪರದೆ ಸರಿಯಿತು. ಹಾಬಿಸ್‌ನ ತಾಯಿ ಫಿದ್ದಾ ಮಸಿ ಹಿಡಿದ ಉದ್ದ ಮೂತಿಯ ಕಾಫಿ ಪಾತ್ರೆಯನ್ನು ಎತ್ತಿಕೊಂಡು ಬಂದಳು. ಮಗ ಗುಜರಿಗೆ ಹಾಕೆಂದಿದ್ದ ಪಾತ್ರೆಯನ್ನು ಮುದುಕಿ ಮಂಚದಡಿ ಬಚ್ಚಿಟ್ಟಿದ್ದಳು.

"ನನ್ನ ಮೊಮ್ಮಗಳನ್ನ ಕೆನೆ ಮೇಲೆ ಜಾರಿಸಿ ಕೊಡೋಕಾಗಲ್ಲ," ಎಂದಳು. "ನೀನು ಸರಿಯಾಗಿ ಕೇಳು. ಮಗನೇ, ನೀನು ಸರಿಯಾಗಿ ಹೇಳು."

ಗೆದ್ದ ವಾದವೆಲ್ಲ ನೀರು ಪಾಲಾಯಿತು. ಈಗ ಹಾಬಿಸ್ ಇಲ್ಲವೆಂದರೆ ಇಲ್ಲವೇ. ಧೈಫಲ್ಲಾ ಅವಳು ಬಗ್ಗಿಸಿಕೊಟ್ಟ ಸಣ್ಣ ಬಟ್ಟಲನ್ನು ಕೆಳಗಿಟ್ಟ. ಮುತ್ತಾತಂದಿರು ಒಬ್ಬರೂ ನೆನಪಿಗೆ ಬರಲಿಲ್ಲ.

"ಹಾಬಿಸ್, ಹುಡುಗ ಒಳ್ಳೆಯವನು. ಅವಳನ್ನ ಬಿಟ್ಟು ಬೇರೆಯವರನ್ನ ಒಲ್ಲೆ ಅಂತಾನೆ. ಕೊಡಪ್ಪ."

ಹಾಬಿಸ್ ತಾಯಿಯ ಪಾತ್ರೆಯ ಕಡೆ ಬಾಗಿದ. ಏಲಕ್ಕಿಯ ಘಮ ಅವನ ಮೂಗಿಗೆ ಹತ್ತಿತ್ತು. ದುಬೈಯ ಗಾಜಿನ ಗೋಪುರದೊಳಗೆ ಒಬ್ಬನೇ ಕೂತು ಹುಡುಕಿದ್ದು ಇದೇ ಘಮವನ್ನು, ಎಷ್ಟು ದುಡ್ಡು ಸುರಿದರೂ ಯಂತ್ರ ಕೊಡದಿದ್ದದ್ದೂ ಇದನ್ನೇ. ಅವನ ಕಣ್ಣು ತುಂಬಿ ಬಂತು. ತಾಯಿಯ ಕಡೆ ನೋಡಿದ. ಅವಳು ಹುಬ್ಬು ಗಂಟಿಕ್ಕಿದಳು.

"ಕೊಟ್ಟೆ," ಎಂದ. "ಕಾಫಿ ಕುಡೀರಿ."

ಪರದೆಯ ಹಿಂದೆ ಹೆಂಗಸರ ಸಂಭ್ರಮದ ಉಲಿ ಮುಗಿಲು ಮುಟ್ಟಿತು. ಲೈಥ್ ವ್ಯಾಕರಣ ಮರೆತು ಏನೇನೋ ಒದರಿದ. ಧೈಫಲ್ಲಾ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಬೇವಿನ ಕಷಾಯದಂಥ ಕಹಿ. ಮುಖ ಹಿಂಡಿಹೋಗದಂತೆ ಹಲ್ಲು ಕಚ್ಚಿ ಹಿಡಿದ, ಆದರೆ ಕಣ್ಣು ಮಾತ್ರ ಅರ್ಧ ಉಳಿದಿದ್ದ ಗಾಜಿನ ಲೋಟದ ಕಡೆ ಹೊರಳಿತು.

ಹಾಬಿಸ್ ಆಗಲೇ ತಾಯಿಯ ಮುಂದೆ ಮೂರನೆಯ ಬಟ್ಟಲು ಚಾಚಿದ್ದ. ಇನ್ನೊಂದು ಕೈಯಿಂದ ಲೋಟವನ್ನು ಹೊಸ ಬೀಗರ ಕಡೆಗೆ ಸರಿಸಿದ.

"ಮುಗಿಸಿಬಿಡಿ ಭಾವ," ಎಂದ. "ಗಡ್ಡದಲ್ಲಿ ಆಗ್ಲೇ ಅರ್ಧ ಇದೆ."