ಮುಂದೆ ಈಜುವವಳು

ಯೋಗಾನಂದ ಸರ್ ಒಂದು ಮಾತನ್ನು ದಿನಕ್ಕೊಮ್ಮೆಯಾದರೂ ಹೇಳದೆ ಬಿಡುತ್ತಿರಲಿಲ್ಲ: ಎಲ್ಲರಿಗೂ ಒಂದೇ ತರಬೇತಿ ಕೊಡುವವನು ಕೋಚ್ ಅಲ್ಲ, ಕುರಿ ಕಾಯುವವನು. ಯಾರ ಮೈಗೆ ಏನು ಬೇಕೋ ಅದನ್ನೇ ಕೊಡಬೇಕು. ಹೊಂಗಡಹಳ್ಳದ ಎಸ್ಟೇಟ್ ಕೆರೆಯಲ್ಲಿ, ಖಾಲಿ ಕ್ಯಾನುಗಳನ್ನು ತೇಲಿಬಿಟ್ಟು ಕಟ್ಟಿದ ಹಗ್ಗ ಹಿಡಿದು ನಿಂತ ನಯನಾ ಈ ಮಾತನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ತನ್ನ ಮೈಗೆ ಏನು ಬೇಕೆಂದು ಯೋಚಿಸುವವರು ಲೋಕದಲ್ಲಿ ಒಬ್ಬರಾದರೂ ಇದ್ದಾರಲ್ಲ ಎಂದು ಅವಳಿಗೆ ಹಿಗ್ಗು.

ಸರ್ ಹಾಸನದಿಂದ ಬರುತ್ತಿದ್ದದ್ದು ಸಾಹುಕಾರ ರವಿಚಂದ್ರರ ಮಗಳು ಪೂಜಿತಾಳಿಗಾಗಿ. ತೋಟದ ಆಳುಗಳ ಲೈನ್‌ಮನೆಯ ಲಿಂಗಮ್ಮನ ಮಗಳು ನಯನಾ ಅದೇ ಕೆರೆಯಲ್ಲಿ ತಾನೇ ತಾನಾಗಿ ಈಜು ಕಲಿತವಳು. ಅವಳ ಕೈಯ ಬಿರುಸು ನೋಡಿ, ಇವಳೂ ಬರಲಿ ಎಂದರು ಸರ್. ಸಾಹುಕಾರರು ಹೂಂ ಅಂದರು. ಲಿಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಮ್ಮಂತೋರ ಮಕ್ಳನ್ನ ಸಾವ್ಕಾರ್ರು ಮಗಳ ಜತೆ ನೀರಿಗೆ ಬುಟ್ಟವ್ರಲ್ಲ, ಪುಣ್ಯ ಕಣೆ."

ಪೂಜಿತಾಳಿಗೆ ಇನ್ನೂರು ಮೀಟರ್ ಈಜು. ನಯನಾಳಿಗೆ ನೂರು ಮಾತ್ರ. ಅದೂ ಉಸಿರು ಕಟ್ಟುವ ವೇಗದಲ್ಲಿ, ಪೂಜಿತಾಳ ಮುಂದೆ. ನೂರು ಮುಗಿದ ಕೂಡಲೇ ಸೀಟಿ ಊದಿ ಸರ್ ಅವಳನ್ನು ದಡಕ್ಕೆ ಕರೆಯುತ್ತಿದ್ದರು. ನನಗೂ ಇನ್ನೂರು ಕೊಡಿ ಎಂದು ಅವಳು ಒಮ್ಮೆ ಕೇಳಿದ್ದಳು.

"ನಿನ್ನ ಮೈ ಬೇರೆ, ನಿನ್ನ ಟ್ರೈನಿಂಗ್ ಬೇರೆ. ಹೇಳಿದಷ್ಟು ಮಾಡಮ್ಮ," ಎಂದಿದ್ದರು ಸರ್.

ಹಾಸನದ ಆಯ್ಕೆ ಸ್ಪರ್ಧೆಗೆ ಇಬ್ಬರ ಹೆಸರನ್ನೂ ಇನ್ನೂರು ಮೀಟರಿಗೇ ಕೊಟ್ಟರು. ಮೊದಲ ಇಬ್ಬರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ವಸತಿ, ಡಿಗ್ರಿ ಓದು ಎಲ್ಲ ಪುಕ್ಕಟೆ. ಪಿಯುಸಿ ಮುಗಿಸಿ ಕೂತಿದ್ದ ನಯನಾಳಿಗೆ ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಅವಕಾಶ. ಪೂಜಿತಾ ಮೊದಲು ಬರಲಿ ಬಿಡು, ನನಗೆ ಎರಡನೆಯದೇ ಸಾಕು ಎಂದುಕೊಂಡಿದ್ದಳು ಪಾಪದ ಹುಡುಗಿ. ಅಷ್ಟು ದೂರ ಈಜಿ ಅಭ್ಯಾಸವಿಲ್ಲ ಎಂಬ ಅಳುಕಿತ್ತು. ಆದರೆ ಸರ್‌ಗೆ ಗೊತ್ತಿಲ್ಲದ್ದು ತನಗೇನು ಗೊತ್ತು?

"ಜೋರಾಗಿ ಹೊರಡು. ಹಿಂದೆ ಮಾತ್ರ ನೋಡಬೇಡ," ಎಂದು ಬೆನ್ನು ತಟ್ಟಿದರು ಸರ್.

ನೂರು ಮೀಟರಿನವರೆಗೆ ಅವಳ ಹತ್ತಿರ ಯಾರೂ ಸುಳಿಯಲಿಲ್ಲ. ಚಪ್ಪಾಳೆ ಕೇಳಿಸುತ್ತಿತ್ತು. ಆಮೇಲೆ ಸೀಟಿ ಊದದಿದ್ದರೂ ಮೈ ನಿಂತುಬಿಟ್ಟಿತು. ತೋಳು ಎತ್ತಿದರೆ ಏಳದು, ಎದೆಗೆ ಗಾಳಿ ಸಾಲದು. ಅವಳನ್ನೇ ಗುರಿ ಹಿಡಿದು ಬಂದ ಪೂಜಿತಾ ಪಕ್ಕದಲ್ಲೇ ದಾಟಿ ಹೋದಳು. ಹಿಂದೆಯೇ ಉಳಿದವರೂ ಹೋದರು. ನಯನಾ ಕೊನೆಯವಳಾಗಿ ಗೋಡೆ ಮುಟ್ಟಿದಾಗ ಪೂಜಿತಾಳ ಫೋಟೋ ತೆಗೆಯುತ್ತಿದ್ದರು.

ಸರ್ ಟವೆಲ್ ಹಿಡಿದು ಓಡಿ ಬಂದರು. ಮುಖದ ತುಂಬ ನಗು.

"ಭೇಷ್ ನಯನಾ! ನಿನ್ನ ಕೆಲಸ ನೀನು ಸರಿಯಾಗಿ ಮಾಡಿದೆ."

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಟವೆಲನ್ನು ಪಕ್ಕಕ್ಕೆ ತಳ್ಳಿದಳು.

"ನಂಗೂ ಇನ್ನೂರು ಕಲ್ಸಿದ್ರೆ ಎರಡ್ನೇದಾದ್ರೂ ಬತ್ತಿದ್ನಲ್ಲ ಸರ್?"

"ಬರ್ತಿದ್ದೆ," ಎಂದರು ಅವರು, ಮುಚ್ಚುಮರೆ ಇಲ್ಲದೆ. "ಆದ್ರೆ ನೂರರಲ್ಲಿ ಈ ವೇಗ ಉಳೀತಿರಲಿಲ್ಲ. ಮುಂದೆ ಒಬ್ಬರಿದ್ರೇನೇ ಪೂಜಿತಾ ಮೈ ಬಗ್ಗಿಸೋದು. ಅವಳ ಸ್ವಭಾವಕ್ಕೆ ಅದೇ ಬೇಕಿತ್ತು."

ಆ ಮನುಷ್ಯನ ಮುಖದಲ್ಲಿ ಕಳ್ಳತನದ ಕುರುಹೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿದದ್ದು. ಯಾರ ಮೈಗೆ ಏನು ಬೇಕೋ ಅದನ್ನೇ ಕೊಟ್ಟಿದ್ದರು. ಆ ಮೈ ತನ್ನದೆಂದು ನಂಬಿದವಳು ಇವಳು.

"ಪೂಜಿತಾಳ ರಾಜ್ಯಮಟ್ಟದ ಸ್ಪರ್ಧೆಗೆ ಇನ್ನೂ ಟೈಮ್ ಇದೆ. ನಾಳೆ ಕೆರೆಗೆ ಬೇಗ ಬಾ."

"ನಾ ಬರಾಕಿಲ್ಲ," ಎಂದಳು ನಯನಾ. ಅಷ್ಟು ಹೇಳಲು ಅವಳಲ್ಲಿ ಎಲ್ಲಿಂದ ಧೈರ್ಯ ಬಂತೋ.

ಲಿಂಗಮ್ಮ ಬೈದಳು, ಅತ್ತಳು, ಸಾಹುಕಾರರು ಏನಂದಾರೋ ಎಂದು ಹೆದರಿದಳು. ಮಗಳು ಜಗ್ಗಲಿಲ್ಲ. ಬೆಳಿಗ್ಗೆ ಕತ್ತಿ ಹಿಡಿದು ಅವ್ವನ ಜೊತೆ ಕಳೆ ಹೊಡೆಯಲು ತೋಟಕ್ಕೆ ಹೊರಟಳು. ಇಲ್ಲಾದರೂ ನನ್ನ ಕೆಲಸ ನನ್ನದು ಎಂದುಕೊಂಡಳು.

ಆಳುಗಳೆಲ್ಲ ಒಬ್ಬೊಬ್ಬರು ಒಂದೊಂದು ಗಿಡದ ಸಾಲು ಹಿಡಿದು ನಿಂತಿದ್ದರು. ಹಾಜರಿ ಹಾಕುವ ರೈಟರ್ ರಾಜೇಶ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಲಿಂಗಮ್ಮ, ನೀ ಹಿಂದಕ್ಕೆ ಬಾ. ನಿನ್ ಮಗಳು ಮೊದಲ್ನೇ ಸಾಲು ಹಿಡೀಲಿ. ಕೈ ಬಿರುಸೈತೆ ಕಣೆ. ಇವ್ಳು ಮುಂದಿದ್ರೆ ಮಿಕ್ಕೋರೂ ಓಡ್ತಾರೆ."

ಲಿಂಗಮ್ಮ ತಲೆ ತಗ್ಗಿಸಿಕೊಂಡು ಹಿಂದಕ್ಕೆ ಸರಿದಳು. ನಯನಾ ಮೊದಲ ಸಾಲಿಗೆ ಹೋಗಿ ಬಗ್ಗಿದಳು.